ಬೇಸಿಗೆಯ ಒಂದು ತಿಂಗಳು ಚಿಕ್ಕಮಗಳೂರು ಪೇಟೆಯಲ್ಲಿ ವಾಸ: ಸಲಹೆ ಬೇಕು

ಧಾರವಾಡದ ನಿವೃತ್ತ ಶಿಕ್ಷಕ:
ಏಪ್ರಿಲ್ ಮಧ್ಯದಿಂದ ಒಂದು ತಿಂಗಳು ಪತ್ನಿಯೊಡನೆ ಚಿಕ್ಕಮಗಳೂರಿನಲ್ಲಿ ಇರಬೇಕೆಂದಿದ್ದೇನೆ. ಎಲ್ಲರೂ ತೋಟದ ಹೋಂಸ್ಟೇಯನ್ನೇ ಸೂಚಿಸುತ್ತಾರೆ. ನಮಗಾದರೋ ಬೆಳಿಗ್ಗೆ ನಡೆದುಹೋಗಿ ತರಕಾರಿ, ಪತ್ರಿಕೆ ತರುವಂತಹ, ಜನಸಂಚಾರವಿರುವ ಬೀದಿಯೇ ಬೇಕು. ಎಂ.ಜಿ. ರಸ್ತೆಯ ಆಸುಪಾಸಿನಲ್ಲಿ ಬಾಡಿಗೆ ಮನೆ ಹಿಡಿಯಬಹುದೇ?

ಬಸವನಹಳ್ಳಿ ನಿವಾಸಿ:
ಧಾರಾಳವಾಗಿ ಹಿಡಿಯಿರಿ ಸರ್, ಆದರೆ ಮುಖ್ಯರಸ್ತೆಗೆ ಮುಖ ಮಾಡಿದ ಮನೆ ಬೇಡ. ಶನಿವಾರ, ಭಾನುವಾರಗಳಲ್ಲಿ ಮುಳ್ಳಯ್ಯನಗಿರಿ ಬೆಟ್ಟಕ್ಕೆ ಹೋಗಿಬರುವ ವಾಹನಗಳ ಹಾರ್ನ್ ಸದ್ದು ರಾತ್ರಿಯವರೆಗೂ ನಿಲ್ಲುವುದಿಲ್ಲ. ಊರು ಸಮುದ್ರಮಟ್ಟದಿಂದ 1,000 ಮೀಟರಿಗೂ ಎತ್ತರದಲ್ಲಿರುವುದರಿಂದ ಇಲ್ಲಿ ಬಿಸಿಲೇ ಇರುವುದಿಲ್ಲವೆಂದು ಹಲವರು ನಂಬಿ ಬರುತ್ತಾರೆ. ಮಧ್ಯಾಹ್ನದ ಬಿಸಿಲು ಚುರುಕಾಗಿಯೇ ಇರುತ್ತದೆ, ತಂಪಾಗುವುದು ಸಂಜೆಯ ನಂತರ. ಗುಡುಗು ಮಳೆ ಬಂದರೆ ಕರೆಂಟ್ ಹೋಗುವುದೂ ಉಂಟು. ಪೇಟೆಯ ಅಂಗಡಿಗಳಲ್ಲಿ ಚಿಕೋರಿ ಎಷ್ಟಿರಬೇಕೆಂದು ಹೇಳಿ, ಕಣ್ಣೆದುರೇ ಕಾಫಿಪುಡಿ ಮಾಡಿಸಿಕೊಳ್ಳಬಹುದು. ತೋಟದಲ್ಲಿ ಉಳಿದವರಿಗೆ ಈ ಸುಖ ದಿನವೂ ಸಿಗದು.

ಹಿರೇಮಗಳೂರಿನವಳು:
ಸಂಜೆಯ ನಡಿಗೆಗೆ ರತ್ನಗಿರಿ ಬೋರೆ ಎಂಬ ಗುಡ್ಡದ ಉದ್ಯಾನವಿದೆ. ನಮ್ಮ ಹಿರೇಮಗಳೂರೂ ನಗರಕ್ಕೆ ಅಂಟಿಕೊಂಡೇ ಇದೆ. ಇಲ್ಲಿನ ಕೋದಂಡರಾಮ ದೇವಾಲಯದಲ್ಲಿ ಸೀತೆ ರಾಮನ ಬಲಕ್ಕೆ ನಿಂತಿದ್ದಾಳೆ, ಅರ್ಚನೆ ಕನ್ನಡದಲ್ಲಿ ನಡೆಯುತ್ತದೆ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಗೆ ವಾರದ ನಡುವೆ ಹೋಗಿ. ಕಾಫಿ ಹೂವನ್ನು ಮಾತ್ರ ನಂಬಿಕೊಂಡು ಬರಬೇಡಿ: ಮೊಗ್ಗು ಅರಳಿಸುವ ಮೊದಲ ಮಳೆ (ಹೂಮಳೆ) ಬಿದ್ದ ಕೆಲವೇ ದಿನಗಳಲ್ಲಿ ಅರಳಿ ಬಾಡುವ ಅದು ನೀವು ಬರುವಷ್ಟರಲ್ಲಿ ಬಹುಮಟ್ಟಿಗೆ ಮುಗಿದಿರುತ್ತದೆ.

ಧಾರವಾಡದ ನಿವೃತ್ತ ಶಿಕ್ಷಕ:
ಇಬ್ಬರಿಗೂ ಧನ್ಯವಾದ. ಅಡ್ಡರಸ್ತೆಯ ಮನೆಯನ್ನೇ ಹುಡುಕುತ್ತೇನೆ.