ಅಪ್‌ಡೇಟ್: ತಳಪಾಯ ಆದ ಮೇಲೂ ಮನೆ ಕಂತು ಯಾಕೆ ಬರಲಿಲ್ಲ?

ಕಳೆದ ಸಲ ಕೇಳಿದ್ದು ಇದು: ರಾಜೀವ್ ಗಾಂಧಿ ವಸತಿ ನಿಗಮದ ಮನೆ, ತಳಪಾಯ ಮುಗಿದಿದೆ, ಫೋಟೋ ಅಪ್‌ಲೋಡ್ ಆಗಿದೆ, ಮನೆ ಕಟ್ಟಲು ಸರ್ಕಾರ ಕೊಡುವ ಸಹಾಯಧನದ ಕಂತು ಮಾತ್ರ ಬಂದಿಲ್ಲ. ಈಗ ಬಂತು. ತೊಡಕು ಇದ್ದದ್ದು ಫೋಟೋದಲ್ಲಲ್ಲ, ಬ್ಯಾಂಕಿನಲ್ಲಿ.

ಫಲಾನುಭವಿಯ ಖಾತೆಗೆ ಆಧಾರ್ ಲಿಂಕ್ ಇತ್ತು, ಎನ್‌ಪಿಸಿಐ ಮ್ಯಾಪಿಂಗ್ (ಆಧಾರ್ ನಂಬರಿಗೆ ಬರುವ ದುಡ್ಡು ಯಾವ ಬ್ಯಾಂಕಿಗೆ ಹೋಗಬೇಕು ಅಂತ ರಾಷ್ಟ್ರೀಯ ಪಾವತಿ ನಿಗಮದಲ್ಲಿ ಇರುವ ದಾಖಲೆ) ಇರಲಿಲ್ಲ. ಇವೆರಡೂ ಒಂದೇ ಅಂದುಕೊಂಡರೆ ಕೆಟ್ಟಿರಿ. ಆಧಾರ್ ಆಧಾರಿತ ಪಾವತಿ ತೀರಾ ಇತ್ತೀಚೆಗೆ ಮ್ಯಾಪ್ ಆದ ಖಾತೆಗೇ ಹೋಗುತ್ತದೆ, ನೀವು ಬರೆದುಕೊಟ್ಟ ಖಾತೆ ನಂಬರಿಗಲ್ಲ. ಆಧಾರ್ ವೆಬ್‌ಸೈಟಿನಲ್ಲಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ (ಸೀಡಿಂಗ್ ಅಂದರೆ ಇದೇ ಮ್ಯಾಪಿಂಗ್) ನೋಡಿ. ಬೇರೆ ಬ್ಯಾಂಕಿನ ಹೆಸರಿದ್ದರೆ ಅಲ್ಲಿಯ ಖಾತೆಯನ್ನೂ ಒಮ್ಮೆ ತಡಕಿ. ಸ್ಟೇಟಸ್ ‘ಇನ್ಆಕ್ಟಿವ್’ ಇದ್ದರೆ ಬ್ರಾಂಚಿನಲ್ಲಿ ಆಧಾರ್ ಸೀಡಿಂಗ್ ಫಾರಂ ಕೊಟ್ಟು ಸ್ವೀಕೃತಿ ಇಸ್ಕೊಳ್ಳಿ. ಬರೀ ಕೆವೈಸಿ ಮಾಡಿ ಕಳಿಸಿದರೆ ಕೆಲಸ ಆಗಲ್ಲ.

ತಳಪಾಯ, ಲಿಂಟಲ್, ಛಾವಣಿ, ಪೂರ್ಣ ಅಂತ ನಾಲ್ಕು ಹಂತ. ಪ್ರತಿ ಹಂತದ ಜಿಪಿಎಸ್ ಫೋಟೋ ಅದೇ ಜಾಗದ್ದಾಗಿರಬೇಕು. ಹಾಗಾಗಿ ಪಾಯ ಹಾಕಿದ ಮೇಲೆ ಪಕ್ಕದ ಸೈಟಿಗೆ ಸರಿಯುವ ಯೋಚನೆ ಬೇಡ. ಹಕ್ಕುಪತ್ರ, ಆಧಾರ್, ಪಾಸ್‌ಬುಕ್ ಮೂರರಲ್ಲೂ ಇನಿಷಿಯಲ್ ಸಮೇತ ಹೆಸರು ಒಂದೇ ಇದೆಯಾ ನೋಡಿಕೊಳ್ಳಿ.

ಓಡಾಟಕ್ಕೆ ಜೊತೆಯಾದದ್ದು ವಸತಿ ಹಕ್ಕಿನ ಒಂದು ಸಂಸ್ಥೆ. ಶುಲ್ಕ ತಗೊಳ್ಳಲಿಲ್ಲ. ಕಂತಿನಲ್ಲಿ ಪಾಲು ಕೇಳುವ ಮಧ್ಯವರ್ತಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.