ಅಪ್‌ಡೇಟ್: ಲೇಬಲ್ ಪ್ರಿಂಟರ್ ತಗೊಂಡೆ, ತಕ್ಕಡಿಯೂ ಬಂತು

ಸಾಗರದಿಂದ ಅಪ್ಪೆಮಿಡಿ ಉಪ್ಪಿನಕಾಯಿ, ಕಾಳುಮೆಣಸು ಆನ್‌ಲೈನಲ್ಲಿ ಮಾರುತ್ತೇವೆ, ಪಾರ್ಸೆಲ್ ಲೇಬಲ್‌ಗೆ ಯಾವ ಪ್ರಿಂಟರ್ ಒಳ್ಳೆಯದು ಅಂತ ಹೋದ ತಿಂಗಳು ಕೇಳಿದ್ದೆನಲ್ಲ. ಇಂಕ್‌ಜೆಟ್ ಲೇಬಲ್ ಮಳೆಯಲ್ಲಿ ನೆನೆದು, ಬಾರ್‌ಕೋಡ್ ಓದಲಾಗದೆ ಎರಡು ಪಾರ್ಸೆಲ್ ವಾಪಸ್ ಬಂದಿದ್ದವು.

ನೀವೆಲ್ಲ ಹೇಳಿದ ಹಾಗೆ ಥರ್ಮಲ್ ಪ್ರಿಂಟರನ್ನೇ ತಗೊಂಡೆ. 4×6 ಇಂಚಿನ ಲೇಬಲ್‌ನದು, 203 ಡಿಪಿಐ (ಇಂಚಿಗೆ ಅಷ್ಟು ಚುಕ್ಕಿ). ಇಂಕೇ ಬೇಡ, ಬಿಸಿಗೆ ಕಾಗದವೇ ಕಪ್ಪಾಗುತ್ತದೆ. ಮೊದಲ ದಿನ ವಿಳಾಸ ಅರ್ಧ ಒಂದು ಲೇಬಲ್‌ನಲ್ಲಿ, ಇನ್ನರ್ಧ ಮುಂದಿನದರಲ್ಲಿ ಬರುತ್ತಿತ್ತು. ನೋಡಿದರೆ ಪೇಪರ್ ಸೈಜ್ ಎ4 ಅಂತಲೇ ಉಳಿದಿತ್ತು, ಅದನ್ನು 100×150 ಮಿ.ಮೀ. ಮಾಡಿ, ಲೇಬಲ್‌ಗಳ ನಡುವಿನ ಸಂದನ್ನು ಪ್ರಿಂಟರ್‌ಗೆ ಗುರುತು ಹಿಡಿಸಿದ ಮೇಲೆ ಸರಿಹೋಯಿತು. ರೋಲನ್ನು ಮಾತ್ರ ಒಲೆ ಹತ್ತಿರ, ಬಿಸಿಲಲ್ಲಿ ಇಡಬೇಡಿ, ಸುಮ್ನೆ ಕಪ್ಪಾಗುತ್ತದೆ.

ತಕ್ಕಡಿ ಜೊತೆ ಅಳತೆ ಟೇಪೂ ಇಟ್ಟುಕೋ ಅಂದವರಿಗೆ ದೊಡ್ಡ ಥ್ಯಾಂಕ್ಸ್. ಉದ್ದ, ಅಗಲ, ಎತ್ತರ ಸೆಂಟಿಮೀಟರಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ಬರುವ ಕಿಲೋ ನಿಜ ತೂಕಕ್ಕಿಂತ ಜಾಸ್ತಿ ಇದ್ದರೆ ನಮ್ಮ ಕೊರಿಯರ್‌ನವರು ಅದಕ್ಕೇ ದುಡ್ಡು ಹಾಕುತ್ತಾರೆ ಅಲ್ವಾ. ಎರಡು ಕಿಲೋಗೂ ಕಮ್ಮಿ ಇದ್ದ ಮೆಣಸಿನ ಪಾರ್ಸೆಲನ್ನು 30×25×20ರ ಡಬ್ಬಕ್ಕೆ ಹಾಕಿ ಮೂರು ಕಿಲೋ ದುಡ್ಡು ಕಟ್ಟುತ್ತಿದ್ದೆ! ಈಗ 25×20×20ರ ಡಬ್ಬ, ಎರಡೇ ಕಿಲೋ.

ಕರೆಂಟ್ ಹೋದರೂ ಪ್ರಿಂಟರ್ ಇನ್ವರ್ಟರ್ ಮೇಲೆ ಓಡುತ್ತಿದೆ. ಬಾರ್‌ಕೋಡ್ ಸ್ಕ್ಯಾನರ್ ಸದ್ಯಕ್ಕೆ ತಗೊಂಡಿಲ್ಲ, ದಿನಕ್ಕೆ ಹತ್ತು ಪಾರ್ಸೆಲ್‌ಗೆ ಕಣ್ಣೇ ಸಾಕು.