ವಿಆರ್ ತರಬೇತಿ: ಯಾವುದು ಸುಲಭ ಇರಬೇಕು, ಯಾವುದು ಇರಬಾರದು?

ಪ್ರಶ್ನೆ: ನಮಸ್ಕಾರ. ಕಿರಿಯ ವೈದ್ಯರಿಗೆ ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕುವ ಕೊಳವೆ) ಹಾಕುವುದನ್ನು ಕಲಿಸುವ ವಿಆರ್ ಆ್ಯಪ್ ಮಾಡುತ್ತಿದ್ದೇವೆ, ಅಂದರೆ ಹೆಡ್‌ಸೆಟ್ ಹಾಕಿಕೊಂಡು ಕಂಪ್ಯೂಟರ್ ದೃಶ್ಯದೊಳಗೇ ಅಭ್ಯಾಸ ಮಾಡುವಂಥದ್ದು. ಮೊದಲ ಸಲ ಅರ್ಧ ಜನ ಮೆನುವಿನಲ್ಲೇ ಸಿಕ್ಕಿಕೊಂಡರು, ಇಬ್ಬರಿಗೆ ತಲೆ ಸುತ್ತಿತು. ಆಮೇಲೆ ಎಲ್ಲವನ್ನೂ ಸುಲಭ ಮಾಡಿದೆವು. ಮುಂದಿನ ಉಪಕರಣ ಹಸಿರಾಗಿ ಹೊಳೆಯುತ್ತದೆ, ಹಿಡಿದದ್ದು ಬೀಳುವುದಿಲ್ಲ. ಈಗ ಎಲ್ಲರಿಗೂ ಖುಷಿ. ಆದರೆ ಮ್ಯಾನಿಕಿನ್ (ತರಬೇತಿಯ ಬೊಂಬೆ) ಮೇಲೆ ಮಾಡಿಸಿದರೆ ತಡವರಿಸುತ್ತಾರೆ. ಎಲ್ಲಿ ತಪ್ಪಿದೆವು?

ಉತ್ತರ: ತಲೆಸುತ್ತಿನದು ಸಣ್ಣ ಮಾತು. ಕಲಿಯುವವರು ತಾವೇ ಅಲುಗಾಡದೆ ದೃಶ್ಯ ಅಲುಗಾಡಬಾರದು. ಕೋಣೆಯೆಲ್ಲ ಸುತ್ತಿಸಬೇಡಿ, ಮಂಚದ ಪಕ್ಕದಲ್ಲೇ ನಿಲ್ಲಿಸಿ. ಫ್ರೇಮ್ ತಪ್ಪಬಾರದು, ಅಂದರೆ ಚಿತ್ರ ತಡೆತಡೆದು ಓಡಬಾರದು, ಅದಕ್ಕಾಗಿ ಚಂದದ ನೆರಳು ಬೆಳಕು ಬಿಟ್ಟರೂ ಪರವಾಗಿಲ್ಲ. ಚಿತ್ರ ಚಂದ ಇಲ್ಲದಿದ್ದರೂ ಕಲಿಯಬಹುದು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ 16 ಕಿರಿಯ ಸರ್ಜನ್‌ಗಳ ಮೇಲೆ ನಡೆದ ಒಂದು ಪ್ರಯೋಗ 2002ರಲ್ಲಿ ಪ್ರಕಟವಾಯಿತು. ವಿಆರ್‌ನಲ್ಲಿ ಕಲಿತವರು ಪಿತ್ತಕೋಶ ಬಿಡಿಸುವ ಕೆಲಸವನ್ನು ಮಾಮೂಲಿ ತರಬೇತಿ ಪಡೆದವರಿಗಿಂತ 29% ಬೇಗ ಮುಗಿಸಿದರು. ಆ ಸಿಮ್ಯುಲೇಟರ್‌ನಲ್ಲಿ ಕಾಣುತ್ತಿದ್ದದ್ದು ಬರೀ ಗೋಲ, ಡಬ್ಬಿಯಂಥ ಆಕಾರಗಳು!

ನಿಮ್ಮ ತೊಂದರೆ ಇರುವುದು ‘ಬೀಳುವುದಿಲ್ಲ’ ಅನ್ನುವಲ್ಲಿ. ಗೈಡ್‌ವೈರ್ (ಕೊಳವೆಗೆ ದಾರಿ ತೋರಿಸುವ ತೆಳು ತಂತಿ) ಕೈಬಿಡಬಾರದು, ಅಲ್ವಾ? ಬಿಟ್ಟರೆ ರಕ್ತನಾಳದೊಳಗೆ ಜಾರಿ ಹೋಗಬಹುದು. ನಿಮ್ಮ ಆ್ಯಪ್‌ನಲ್ಲಿ ಬೆರಳು ಸಡಿಲಿಸಿದರೂ ವೈರ್ ಸುಮ್ನೆ ಗಾಳಿಯಲ್ಲಿ ನಿಂತಿರುತ್ತದೆ. ಇಪ್ಪತ್ತು ಸಲ ಹಾಗೆ ಮಾಡಿದ ಕೈ ಏನು ಕಲಿಯಿತು? ಬಿಟ್ಟರೆ ಏನೂ ಆಗಲ್ಲ ಅಂತ. ಅಲ್ಲಿ ವೈರ್ ಜಾರಲೇಬೇಕು.

ನಾನು ಕೇಳಿಕೊಳ್ಳುವುದು ಇಷ್ಟೇ: ಈ ಕಷ್ಟ ರೋಗಿಯ ಮುಂದೆಯೂ ಇರುತ್ತದಾ? ಇದ್ದರೆ ಹಾಗೇ ಬಿಡಿ. ಹೆಡ್‌ಸೆಟ್‌ನಿಂದ ಬಂದ ಕಷ್ಟವಾದರೆ ಕಿತ್ತುಹಾಕಿ. ತೇಲುವ ಮೆನು ತೆಗೆದು ಟ್ರೇ ಇಡಿ, ಅದರಲ್ಲಿ ಸೂಜಿ, ವೈರ್, ರಂಧ್ರ ಹಿಗ್ಗಿಸುವ ಡೈಲೇಟರ್ ಇರಲಿ. ಹಸಿರು ಹೊಳಪು ಮೊದಲೆರಡು ಸಲ ಸಾಕು, ಆಮೇಲೆ ಕೇಳಿದರೆ ಮಾತ್ರ.

ಪ್ರಶ್ನೆ: ವೈರ್ ಜಾರಿದರೆ ಬೇಸರ ಮಾಡಿಕೊಳ್ಳಲ್ವಾ ಸರ್? ಮುಂದೆ ಎಆರ್ ಕನ್ನಡಕದಲ್ಲಿ (ಕಣ್ಣೆದುರಿನ ನಿಜ ನೋಟದ ಮೇಲೇ ಚಿತ್ರ, ಅಕ್ಷರ ತೋರಿಸುವಂಥದ್ದು) ಮ್ಯಾನಿಕಿನ್ ಮೇಲೇ ಸೂಚನೆ ತೋರಿಸುವ ಯೋಚನೆಯೂ ಇದೆ.

ಉತ್ತರ: ಮಾಡಿಕೊಳ್ಳಲಿ ಬಿಡಿ. ಯಾಕೆ ಜಾರಿತು ಅಂತ ತಕ್ಷಣ ತೋರಿಸಿ, ಅದೇ ಹಂತದಿಂದ ಮತ್ತೆ ಶುರು ಮಾಡಿಸಿ. ಮೊದಲಿಂದ ಮಾಡಿಸಿದರೆ ಮಾತ್ರ ಬೈಯುತ್ತಾರೆ.

ಎಆರ್‌ನಲ್ಲಿ ಒಂದು ಎಚ್ಚರ. ಹೋಲೋಲೆನ್ಸ್ ಥರದ ಕನ್ನಡಕದ ಫೋಕಸ್ ಸುಮಾರು 2 ಮೀಟರ್‌ಗೆ ಇರುತ್ತದೆ. ಕೈ ಇರುವುದು ಅರ್ಧ ಮೀಟರ್‌ನಲ್ಲಿ. ಸೂಜಿಯ ತುದಿಗೇ ಅಕ್ಷರ ಅಂಟಿಸಿದರೆ ಕಣ್ಣು ಬೇಗ ದಣಿಯುತ್ತದೆ. ಸೂಚನೆಯನ್ನು ಮಂಚದ ಆಚೆ, ಅಲ್ಟ್ರಾಸೌಂಡ್ ಪರದೆ ಇರುವ ಕಡೆ ಇಡಿ. ಹೇಗೂ ಅಲ್ಲಿಗೆ ನೋಡುತ್ತಾರೆ. ಸ್ಟೆರೈಲ್ ಗ್ಲೌಸ್ ಹಾಕಿದ ಕೈ ಕನ್ನಡಕ ಮುಟ್ಟುವಂತಿಲ್ಲ, ಹಾಗಾಗಿ ‘ಮುಂದೆ’ ಅನ್ನುವುದು ಬಾಯಿಮಾತಿನಲ್ಲೇ ಆಗಲಿ.